ಸ್ಲಾಟಿನಲ್ಲಿ ಕೂತ ಕಾರ್ಡು ಕಂಪ್ಯೂಟರಿಗೆ ಯಾಕೆ ಕಾಣಲಿಲ್ಲ?

ನಮ್ಮ ಗುಂಪಿನವರೊಬ್ಬರ ಊರಲ್ಲಿ ಒಂದು ಓದುಕೋಣೆ ಇದೆ. ಅಲ್ಲಿನ ಕಂಪ್ಯೂಟರಿಗೆ ವೈಫೈ ಕಾರ್ಡ್ ಹಾಕಲು ಹೋಗಿ ನಾವು ಕೈ ಸುಟ್ಟುಕೊಂಡೆವು. ಸಾವಿರ ಚಿಲ್ಲರೆ ರೂಪಾಯಿ ಹೋಯಿತು. ಅದಕ್ಕಿಂತ ಹೆಚ್ಚಾಗಿ ಎರಡು ದಿನ ಹೋಯಿತು. ಆ ಎರಡು ದಿನ ನಮಗೆ ದುಬಾರಿಯಾಗಿತ್ತು.

ಅದು ನಾವೇ ಒಂದೊಂದು ಭಾಗ ತಂದು ಜೋಡಿಸಿದ ಅಸೆಂಬಲ್ಡ್ ಕಂಪ್ಯೂಟರ್. ಪಂಚಾಯಿತಿ ಕಟ್ಟಡಕ್ಕೆ ಫೈಬರ್ ಇಂಟರ್ನೆಟ್ ಬಂದಿದೆ, ಓದುಕೋಣೆ ಇರುವುದು ಅಂಗಳದ ಆಚೆ ಬದಿಗೆ. ಅರವತ್ತು ಅಡಿ ಕೇಬಲ್ ಎಳೆದಿದ್ದೆವು. ಇಲಿ ಕಡಿಯಿತು. ಬೇರೆ ಎಳೆದೆವು, ಅದನ್ನೂ ಕಡಿಯಿತು. ಎರಡನೇ ಸಲ ಕಡಿದಾಗ ಸ್ಕಾಲರ್‌ಶಿಪ್ ಅರ್ಜಿ ಹಾಕಲು ಮೂರೇ ದಿನ ಉಳಿದಿತ್ತು. ಏಳು ಮಕ್ಕಳ ಅರ್ಜಿ ಬಾಕಿ ಇತ್ತು. ಇಲಿ ಜೊತೆ ಜಗಳ ಸಾಕು, ವೈಯರೇ ಇಲ್ಲದ ಹಾಗೆ ಮಾಡೋಣ ಅಂತ ಆನ್‌ಲೈನಿನಲ್ಲಿ ಒಂದು ಕಾರ್ಡ್ ತರಿಸಿದೆವು. ಇಂಟೆಲ್ ಕಂಪನಿಯದು, ಹೆಸರು ಎಎಕ್ಸ್ 201. ಬೆಲೆ ಕಡಿಮೆ, ಬರೆದವರೆಲ್ಲ ಒಳ್ಳೆಯದು ಅಂದಿದ್ದರು.

ಕ್ಯಾಬಿನೆಟ್ ಬಿಚ್ಚಿದೆವು. ಮದರ್‌ಬೋರ್ಡಿನಲ್ಲಿ ವೈಫೈಗೆಂದೇ ಒಂದು ಪುಟ್ಟ ಸ್ಲಾಟ್ ಖಾಲಿ ಇತ್ತು. ಕಾರ್ಡಿನ ಗಾತ್ರ ಹೆಬ್ಬೆರಳ ಉಗುರಿಗಿಂತ ಸ್ವಲ್ಪ ದೊಡ್ಡದು. ಓರೆಯಾಗಿ ತೂರಿಸಿದೆವು, ಒಳ್ಳೆ ಅಳತೆ ತೆಗೆದು ಹೊಲಿದ ಅಂಗಿಯ ಹಾಗೆ ಕೂತಿತು. ಸ್ಕ್ರೂ ಬಿಗಿದು, ಆಂಟೆನಾದ ಎರಡು ತಂತಿ ಸಿಕ್ಕಿಸಿ ಕಂಪ್ಯೂಟರ್ ಹಚ್ಚಿದೆವು. ವೈಫೈ ಚಿಹ್ನೆಯೇ ಇಲ್ಲ! ಡ್ರೈವರ್ ತೊಂದರೆ ಇರಬೇಕು ಅಂತ ಆ ದಿನ ಪೂರ್ತಿ ಅದರ ಹಿಂದೆ ಬಿದ್ದೆವು. ಕಾರ್ಡ್ ತೆಗೆದು, ಒರೆಸಿ, ಮತ್ತೆ ಹಾಕಿದೆವು. ಏನೂ ಆಗಲಿಲ್ಲ.

ಮರುದಿನ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ನಮಗೆ ಬಿಡಿಭಾಗ ಕೊಟ್ಟಿದ್ದ ಅಂಗಡಿಯವರಿಗೆ ಫೋನ್ ಮಾಡಿದೆವು.

"ಅಣ್ಣ, ಕಾರ್ಡ್ ಸರಿಯಾಗಿ ಕೂತಿದೆ. ಆದ್ರೆ ಕಂಪ್ಯೂಟರಿಗೆ ಕಾಣ್ತಾನೇ ಇಲ್ಲ."

"ಪ್ರೊಸೆಸರ್ ಯಾವುದು ನಿಮ್ದು?"

"ಎಎಂಡಿ."

ಆ ಕಡೆಯಿಂದ ನಗು ಕೇಳಿಸಿತು. "ಇನ್ನೂರ ಒಂದು ನಡೆಯಲ್ಲ ಸರ್. ಕೊನೆಗೆ ಸೊನ್ನೆ ಇರೋದು ತಗೋಬೇಕಿತ್ತು."

ಒಂದರ ಬದಲು ಸೊನ್ನೆ, ಅಷ್ಟೇ. ಗಾತ್ರ ಒಂದೇ, ಸ್ಲಾಟ್ ಒಂದೇ, ಸ್ಕ್ರೂ ಕೂಡ ಒಂದೇ. ಕೆಲಸ ಮಾಡದ ಕಾರ್ಡು ಆ ಸ್ಲಾಟಿನಲ್ಲಿ ಅಷ್ಟು ಚೆನ್ನಾಗಿ ಕೂರುವುದಾದರೂ ಯಾಕೆ? ಲಾರಿ ಟೈರು ಟ್ರಾಕ್ಟರಿಗೆ ಆಗುವುದಿಲ್ಲ ಅಂದರೆ ಅದು ಕಣ್ಣಿಗೇ ಗೊತ್ತಾಗುತ್ತದೆ. ಇಲ್ಲಿ ಗೊತ್ತಾಗಲಿಲ್ಲ. ಈ ಪ್ರಶ್ನೆ ಹಿಡಿದು ಓದುತ್ತಾ ಹೋದರೆ ಐವತ್ತು ವರ್ಷದ ಕತೆ ಸಿಕ್ಕಿತು. ಅದನ್ನೇ ಇಲ್ಲಿ ಹೇಳುತ್ತಿದ್ದೇವೆ.

ದ್ವೀಪಗಳಿಂದ ಶುರು

ವೈಯರಿಲ್ಲದೆ ಕಂಪ್ಯೂಟರುಗಳನ್ನು ಜೋಡಿಸಬೇಕು ಎಂಬ ಒತ್ತಡ ಮೊದಲು ಬಂದದ್ದು ಸಮುದ್ರದ ನಡುವೆ. ಹವಾಯಿ ವಿಶ್ವವಿದ್ಯಾಲಯದ ಕಂಪ್ಯೂಟರ್ ಇದ್ದದ್ದು ಒಂದು ದ್ವೀಪದಲ್ಲಿ, ಬಳಸಬೇಕಾದವರು ಬೇರೆ ಬೇರೆ ದ್ವೀಪಗಳಲ್ಲಿ. ನಾರ್ಮನ್ ಅಬ್ರಾಮ್‌ಸನ್ ಎಂಬ ಪ್ರೊಫೆಸರ್ ಮತ್ತು ಅವರ ಜೊತೆಗಾರರು ರೇಡಿಯೊ ಮೂಲಕ ಮಾಹಿತಿಯನ್ನು ತುಂಡು ತುಂಡಾಗಿ ಕಳಿಸುವ ಏರ್ಪಾಡು ಮಾಡಿದರು. 1971ರಲ್ಲಿ ಅದು ಚಾಲೂ ಆಯಿತು. ಹೆಸರು ಅಲೋಹಾನೆಟ್.

ಅವರ ತೊಡಕು ಗ್ರಾಮಸಭೆಯಲ್ಲಿ ಕೂತವರಿಗೆಲ್ಲ ಗೊತ್ತಿರುವಂಥದ್ದೇ. ಇಬ್ಬರು ಒಟ್ಟಿಗೆ ಮಾತಾಡಿದರೆ ಇಬ್ಬರ ಮಾತೂ ಕೇಳುವುದಿಲ್ಲ. ಅವರು ಕಂಡುಕೊಂಡ ದಾರಿ ಇದು: ಮಾತು ಡಿಕ್ಕಿ ಹೊಡೆದರೆ ಇಬ್ಬರೂ ಸುಮ್ಮನಾಗಬೇಕು, ಒಬ್ಬೊಬ್ಬರು ಮನಸ್ಸಿಗೆ ಬಂದಷ್ಟು ಹೊತ್ತು ಕಾದು ಮತ್ತೆ ಹೇಳಬೇಕು. ನಿಮ್ಮ ಮನೆಯ ರೌಟರಿಗೆ ಹತ್ತು ಮೊಬೈಲ್ ಒಟ್ಟಿಗೆ ಸೇರಿಕೊಂಡಾಗ ಇವತ್ತಿಗೂ ಆಗುತ್ತಿರುವುದು ಹೆಚ್ಚುಕಡಿಮೆ ಇದೇ. ಒಂದೇ ವ್ಯತ್ಯಾಸ, ಈಗಿನವು ಮೊದಲು ಕಿವಿಗೊಟ್ಟು ಕೇಳಿ ಆಮೇಲೆ ಬಾಯಿ ತೆರೆಯುತ್ತವೆ.

ಆದರೆ ರೇಡಿಯೊ ಬಳಸಲು ಸರ್ಕಾರದ ಲೈಸೆನ್ಸ್ ಬೇಕು. ನಮ್ಮ ಅಜ್ಜಂದಿರು ಮನೆಯ ರೇಡಿಯೊಗೂ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ಲೈಸೆನ್ಸ್ ಪುಸ್ತಕ ಇಟ್ಟುಕೊಳ್ಳುತ್ತಿದ್ದದ್ದು ಹಿರಿಯರಿಗೆ ನೆನಪಿರಬಹುದು. ಪ್ರತಿ ಕಂಪ್ಯೂಟರಿಗೂ ಹೀಗೆ ಲೈಸೆನ್ಸ್ ಅಂದರೆ ಕತೆ ಮುಂದೆ ಹೋಗುತ್ತಿರಲಿಲ್ಲ. 1985ರ ಮೇ ತಿಂಗಳಲ್ಲಿ ಅಮೆರಿಕದ ಸಂಪರ್ಕ ಆಯೋಗ ಮೂರು ತರಂಗ ಪಟ್ಟಿಗಳನ್ನು ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟಿತು. ಹೀಗೆ ಬಿಡಬೇಕು ಅಂತ ಒಳಗಿಂದ ಪಟ್ಟು ಹಿಡಿದವರು ಅಲ್ಲಿನ ಎಂಜಿನಿಯರ್ ಮೈಕೆಲ್ ಮಾರ್ಕಸ್. ಬಿಟ್ಟುಕೊಟ್ಟದ್ದು ಒಳ್ಳೆಯ ಜಮೀನೇನಲ್ಲ, ಗೋಮಾಳದಂಥದ್ದು. ಅಡುಗೆಯ ಮೈಕ್ರೋವೇವ್ ಒಲೆ, ಕಾರ್ಖಾನೆ, ಆಸ್ಪತ್ರೆಯ ಯಂತ್ರಗಳ ಗದ್ದಲ ಅಲ್ಲೇ ಇತ್ತು. ಅದರಲ್ಲಿ ಒಂದು 2.4 ಗಿಗಾಹರ್ಟ್ಸ್ ಪಟ್ಟಿ. ಇವತ್ತಿನ ರೌಟರ್ ಪೆಟ್ಟಿಗೆಯ ಮೇಲೆ ಬರೆದಿರುವ ಅಂಕಿ ಅದೇ.

ಗಲ್ಲಾಪೆಟ್ಟಿಗೆಯ ವೈಯರು

ಈ ಗೋಮಾಳಕ್ಕೆ ಮೊದಲು ದನ ಬಿಟ್ಟವರಲ್ಲಿ ಒಬ್ಬರು ಗಲ್ಲಾಪೆಟ್ಟಿಗೆ ಮಾಡುವ ಕಂಪನಿಯವರು, ಎನ್‌ಸಿಆರ್. ದೊಡ್ಡ ಅಂಗಡಿಗಳು ಹಬ್ಬಕ್ಕೊಮ್ಮೆ, ಹಂಗಾಮಿಗೊಮ್ಮೆ ಸಾಮಾನು ಜೋಡಿಸುವ ಕ್ರಮ ಬದಲಿಸುತ್ತವೆ. ಬಿಲ್ ಹಾಕುವ ಯಂತ್ರಗಳೂ ಜಾಗ ಬದಲಿಸಬೇಕು. ಪ್ರತಿ ಸಲ ನೆಲ ಅಗೆದು ವೈಯರ್ ಎಳೆಯುವ ಖರ್ಚು ಅಂಗಡಿಯವರಿಗೆ ತಲೆನೋವು. ನಮಗೆ ಇಲಿ ಕಾಟ ಇದ್ದಂತೆ ಅವರಿಗೆ ಇದು. ನೆದರ್ಲೆಂಡ್ಸಿನ ನ್ಯೂವೆಖೈನ್ ಎಂಬಲ್ಲಿನ ಎನ್‌ಸಿಆರ್ ಎಂಜಿನಿಯರುಗಳು ಇದಕ್ಕೆ ಪರಿಹಾರ ಹುಡುಕಿ ವೇವ್‌ಲ್ಯಾನ್ ಎಂಬ ಕಾರ್ಡ್ ಮಾಡಿದರು. 1990ರ ಆಸುಪಾಸಿನಲ್ಲಿ ಅದು ಮಾರುಕಟ್ಟೆಗೆ ಬಂತು. ಆಗಿನ ಕಂಪ್ಯೂಟರುಗಳ ಐಎಸ್ಎ ಸ್ಲಾಟಿನಲ್ಲಿ ಕೂರುವ ಉದ್ದನೆಯ ಹಲಗೆ ಅದು. ವೇಗ ಸೆಕೆಂಡಿಗೆ 2 ಮೆಗಾಬಿಟ್, ಬೆಲೆ ಸಾವಿರ ಡಾಲರಿಗೂ ಮೇಲೆ.

ಅಂದರೆ ಜಗತ್ತಿನ ಮೊದಮೊದಲ ವೈಫೈ ಕಾರ್ಡು ಕೂತದ್ದೂ ನಮ್ಮಂಥದ್ದೇ ಒಂದು ಮೇಜಿನ ಕಂಪ್ಯೂಟರಿನ ಸ್ಲಾಟಿನಲ್ಲಿ. ಲ್ಯಾಪ್‌ಟಾಪ್, ಮೊಬೈಲ್ ಎಲ್ಲ ಆಮೇಲಿನ ಮಾತು.

ಆದರೆ ಒಂದು ಕಂಪನಿಯ ಕಾರ್ಡು ಇನ್ನೊಂದು ಕಂಪನಿಯ ಕಾರ್ಡಿನ ಜೊತೆ ಮಾತಾಡುತ್ತಿರಲಿಲ್ಲ. ಅಂಗಡಿಯವನು ಒಮ್ಮೆ ಒಬ್ಬರಿಂದ ಕೊಂಡರೆ ಮುಗಿಯಿತು, ಸಾಯುವ ತನಕ ಅವರ ಹತ್ತಿರವೇ ಕೊಳ್ಳಬೇಕು. ಎಲ್ಲರಿಗೂ ಒಂದೇ ಭಾಷೆ ಮಾಡಲು 802.11 ಎಂಬ ಸಮಿತಿ ಸೇರಿತು. ಅದರ ಅಧ್ಯಕ್ಷರಾಗಿ ಹತ್ತು ವರ್ಷ ದುಡಿದವರು ಎನ್‌ಸಿಆರ್‌ನಿಂದಲೇ ಬಂದ ವಿಕ್ ಹೇಯ್ಸ್. ಅವರನ್ನು ವೈಫೈ ತಂದೆ ಎನ್ನುವುದುಂಟು. ಸಂಘದ ಮೀಟಿಂಗು ನಡೆಸಿದವರಿಗೆ ಅವರ ಕಷ್ಟ ಅರ್ಥವಾದೀತು. ಒಬ್ಬೊಬ್ಬ ಕಂಪನಿಯವನೂ ತನ್ನ ವಿಧಾನವೇ ಸರಿ ಅನ್ನುತ್ತಿದ್ದ. ಏಳು ವರ್ಷ ಜಗ್ಗಾಡಿ 1997ರಲ್ಲಿ ಮೊದಲ ಕರಾರು ಹೊರಬಂತು.

ಆದರೆ ಅದರಲ್ಲಿ ಒಂದು ತಮಾಷೆ ಇತ್ತು. ಯಾರಿಗೂ ನೋವಾಗದ ಹಾಗೆ ಒಂದೇ ಕರಾರಿನೊಳಗೆ ಮೂರು ವಿಧಾನಗಳನ್ನು ಸೇರಿಸಿದ್ದರು. ಒಂದು, ರೇಡಿಯೊ ತರಂಗ ಕ್ಷಣಕ್ಷಣಕ್ಕೂ ಜಿಗಿಯುವ ವಿಧಾನ. ಇನ್ನೊಂದು, ತರಂಗವನ್ನು ಅಗಲವಾಗಿ ಹರಡುವ ವಿಧಾನ. ಮೂರನೆಯದು ಟಿವಿ ರಿಮೋಟಿನಂಥ ಅತಿಗೆಂಪು ಬೆಳಕಿನದು. ಒಂದೇ ಮೊಹರು ಇರುವ ಎರಡು ಕಾರ್ಡು ಒಂದಕ್ಕೊಂದು ಮಾತಾಡದೇ ಇರಬಹುದಿತ್ತು! ನಮ್ಮ ಎಎಕ್ಸ್ 201ರ ಹಿರಿಯಜ್ಜನ ಕತೆ ಇದು ಅಂತ ನಮಗೆ ಅನಿಸಿತು.

ಜಿಗಿಯುವ ವಿಧಾನದ ಮಾತು ಬಂದದ್ದಕ್ಕೆ ಇನ್ನೊಂದು ವಿಷಯ. ಹಾಲಿವುಡ್ ನಟಿ ಹೆಡಿ ಲಾಮಾರ್ ವೈಫೈ ಕಂಡುಹಿಡಿದಳು ಎಂಬ ಫಾರ್ವರ್ಡ್ ನಿಮಗೂ ಬಂದಿರುತ್ತದೆ. ಆಕೆ ಮತ್ತು ಸಂಗೀತಗಾರ ಜಾರ್ಜ್ ಆಂಥೈಲ್ 1942ರಲ್ಲಿ ತರಂಗ ಜಿಗಿಸುವ ಉಪಾಯಕ್ಕೆ ಪೇಟೆಂಟ್ ಪಡೆದದ್ದು ನಿಜ. ಟಾರ್ಪಿಡೊಗೆ ಕೊಡುವ ಸೂಚನೆಯನ್ನು ಶತ್ರು ಕೆಡಿಸದಿರಲಿ ಅಂತ ಮಾಡಿದ್ದು ಅದು. ಆದರೆ ಇವತ್ತಿನ ವೈಫೈ ಜಿಗಿಯುವುದಿಲ್ಲ, ಆ ವಿಧಾನ ಹಿಂದೆಯೇ ಬಿದ್ದುಹೋಯಿತು. ಬ್ಲೂಟೂತ್ ಇಂದಿಗೂ ಜಿಗಿಯುತ್ತದೆ. ಆಕೆಯ ಬುದ್ಧಿವಂತಿಕೆಗೆ ಸುಳ್ಳು ಕಿರೀಟ ಬೇಕಿಲ್ಲ, ನಿಜವಾದದ್ದೇ ಸಾಕು.

1999ರಲ್ಲಿ ಗೊಂದಲ ತಿಳಿಯಾಯಿತು. 802.11ಬಿ ಎಂಬ ಹೊಸ ಕರಾರು ಹರಡುವ ವಿಧಾನವನ್ನೇ ಹಿಡಿದು, 2.4 ಗಿಗಾಹರ್ಟ್ಸಿನಲ್ಲಿ ವೇಗವನ್ನು 11 ಮೆಗಾಬಿಟ್‌ಗೆ ಏರಿಸಿತು. ಅದೇ ವರ್ಷ ಆರು ಕಂಪನಿಗಳು ಸೇರಿ ಒಂದು ಒಕ್ಕೂಟ ಕಟ್ಟಿದವು. ಯಾರದೇ ಕಾರ್ಡಿರಲಿ, ಬೇರೆಯವರ ಕಾರ್ಡಿನ ಜೊತೆ ಮಾತಾಡುತ್ತದೆ ಅಂತ ಪರೀಕ್ಷೆ ಮಾಡಿಯೇ ಮೊಹರು ಒತ್ತಬೇಕು ಎಂಬುದು ಅದರ ಕೆಲಸ. ಮೊಹರಿಗೆ ಹೆಸರು ಇಡಲು ಒಂದು ಜಾಹೀರಾತು ಸಂಸ್ಥೆಗೆ ದುಡ್ಡು ಕೊಟ್ಟರು, ಅವರು ಕೊಟ್ಟ ಹೆಸರು ವೈಫೈ. ಅದಕ್ಕೆ ವಿಸ್ತಾರ ರೂಪ ಏನೂ ಇಲ್ಲ, ಕಿವಿಗೆ ಇಂಪಾಗಿರಲಿ ಅಂತ ಇಟ್ಟದ್ದು. ಸ್ಪರ್ಧಾತ್ಮಕ ಪರೀಕ್ಷೆಯ ಗೈಡುಗಳಲ್ಲಿ ವೈರ್‌ಲೆಸ್ ಫಿಡೆಲಿಟಿ ಅಂತ ಇರುತ್ತದೆ. ಪರೀಕ್ಷೆಯಲ್ಲಿ ಅದನ್ನೇ ಬರೆಯಿರಿ, ಮನಸ್ಸಿನಲ್ಲಿ ಇದನ್ನು ಇಟ್ಟುಕೊಳ್ಳಿ.

ಹೀಗೆ ಗಾಳಿಯಲ್ಲಿ ರಾಜಿ ಆಯಿತು. ಇವತ್ತು ಯಾವ ಮೊಬೈಲೂ ಯಾವ ರೌಟರಿಗೂ ಸೇರಿಕೊಳ್ಳುವುದು ಆ ರಾಜಿಯಿಂದ. ಜಗಳ ಮುಗಿಯಿತು ಅಂದುಕೊಂಡರೆ ತಪ್ಪು, ಅದು ಜಾಗ ಬದಲಿಸಿತು. ಗಾಳಿಯಿಂದ ಇಳಿದು ಕ್ಯಾಬಿನೆಟ್ಟಿನೊಳಗಿನ ಸ್ಲಾಟಿಗೆ ಬಂತು.

ಸ್ಲಾಟಿನೊಳಗೆ

1999ರ ಜುಲೈನಲ್ಲಿ ಸ್ಟೀವ್ ಜಾಬ್ಸ್ ಐಬುಕ್ ಎಂಬ ಲ್ಯಾಪ್‌ಟಾಪನ್ನು ಕೈಯಲ್ಲಿ ಹಿಡಿದು ಇಂಟರ್ನೆಟ್ ತೋರಿಸಿದರು. ವೈಯರ್ ಇಲ್ಲ ಅಂತ ಜನ ನಂಬಲಿ ಎಂದು ಅದರ ಸುತ್ತ ಒಂದು ಬಳೆ ಹಾಯಿಸಿದರು, ಜಾದೂಗಾರರು ಮಾಡುವಂತೆ. ಒಳಗಿದ್ದ ಕಾರ್ಡು ಅದೇ ಗಲ್ಲಾಪೆಟ್ಟಿಗೆ ವಂಶದ್ದು. ಅಷ್ಟರಲ್ಲಿ ಆ ವಿಭಾಗ ಲೂಸೆಂಟ್ ಕಂಪನಿಯ ಕೈಗೆ ಹೋಗಿತ್ತು. ಕಾರ್ಡಿನ ಬೆಲೆ 99 ಡಾಲರ್. ಸಾವಿರ ಡಾಲರಿನ ಹಲಗೆ ಹತ್ತೇ ವರ್ಷದಲ್ಲಿ ಅಂಗೈಗೆ, ನೂರು ಡಾಲರಿಗೆ ಇಳಿದಿತ್ತು.

ಅಸೆಂಬಲ್ಡ್ ಕಂಪ್ಯೂಟರುಗಳಿಗೆ ಆಗ ಪಿಸಿಐ ಕಾರ್ಡುಗಳು ಬಂದವು. ಅವು ಉದ್ದದ ಬಿಳಿ ಸ್ಲಾಟಿನಲ್ಲಿ ಕೂತು ಹಿಂದುಗಡೆ ಒಂದು ಕೋಲು ಆಂಟೆನಾ ಚಾಚುತ್ತಿದ್ದವು. ಮೊದಮೊದಲ ಎಷ್ಟೋ ಕಾರ್ಡುಗಳು ಲ್ಯಾಪ್‌ಟಾಪಿನ ಕಾರ್ಡಿಗೆ ಒಂದು ಹಲಗೆ ಅಂಟಿಸಿದ ಹೊಂದಾಣಿಕೆಯ ಮಾಲು. ಸ್ಲಾಟಿಗೆ ಕೂರುವುದು ಆಗ ತೊಂದರೆಯಲ್ಲ, ಡ್ರೈವರೇ ತೊಂದರೆ. ಒಂದೇ ಹೆಸರಿನ, ಒಂದೇ ಬಣ್ಣದ ಡಬ್ಬಿಯೊಳಗೆ ಕಂಪನಿಗಳು ಸದ್ದಿಲ್ಲದೆ ಚಿಪ್ ಬದಲಿಸುತ್ತಿದ್ದವು. ಡಬ್ಬಿಯ ಮೂಲೆಯಲ್ಲಿ ಸಣ್ಣಕ್ಷರದ ಆವೃತ್ತಿ ಸಂಖ್ಯೆ ಮಾತ್ರ ಬದಲಾಗುತ್ತಿತ್ತು. ವಿಂಡೋಸ್ ಇದ್ದವರಿಗೆ ಸಿಡಿ ಜೊತೆಗೆ ಬರುತ್ತಿತ್ತು, ಹೇಗೋ ನಡೆಯುತ್ತಿತ್ತು. ದುಡ್ಡು ಕೊಡದೆ ಸಿಗುವ ಲಿನಕ್ಸ್ ಹಾಕಿಕೊಂಡವರ ಪಾಡು ನಾಯಿಪಾಡು. ಗೆಳೆಯನ ಕಾರ್ಡು ನಡೆಯುತ್ತದೆ, ಅದೇ ಹೆಸರಿನ ನಿಮ್ಮ ಕಾರ್ಡು ನಡೆಯುವುದಿಲ್ಲ. ಪಾಂಟಸ್ ಫುಕ್ಸ್ ಮತ್ತು ಗಿರಿಧರ್ ಪೆಮ್ಮಸಾನಿ ಎಂಬುವರು ಎನ್‌ಡಿಐಎಸ್‌ವ್ರಾಪರ್ ಎಂಬ ತಂತ್ರಾಂಶ ಕಟ್ಟಿದರು. ವಿಂಡೋಸಿನ ಡ್ರೈವರನ್ನೇ ತಂದು ಲಿನಕ್ಸಿನಲ್ಲಿ ಓಡಿಸುವುದು ಅದರ ಕೆಲಸ. ಅದು ಜುಗಾಡ್ ನಿಜ, ಆದರೆ ಎಷ್ಟೋ ಜನರ ಇಂಟರ್ನೆಟ್ ಆ ಜುಗಾಡಿನ ಮೇಲೇ ನಡೆಯಿತು.

2003ರ ಮಾರ್ಚಿನಲ್ಲಿ ಇಂಟೆಲ್ ಸೆಂಟ್ರಿನೊ ತಂದಿತು. ಲ್ಯಾಪ್‌ಟಾಪಿನ ಮೇಲೆ ಆ ಸ್ಟಿಕ್ಕರ್ ಅಂಟಿಸಬೇಕಾದರೆ ಪ್ರೊಸೆಸರ್, ಚಿಪ್‌ಸೆಟ್, ವೈಫೈ ಮೂರೂ ಇಂಟೆಲ್‌ದೇ ಆಗಿರಬೇಕು ಎಂಬ ಷರತ್ತು. ವೈಫೈ ಎಲ್ಲ ಲ್ಯಾಪ್‌ಟಾಪಿಗೂ ಬಂದದ್ದರಲ್ಲಿ ಸೆಂಟ್ರಿನೊ ಪಾಲು ದೊಡ್ಡದು, ಇಲ್ಲ ಅನ್ನಲಾಗದು. ಆದರೆ ಕಾರ್ಡು ಬಿಡಿಭಾಗವಾಗಿ ಇದ್ದದ್ದು ಕುಟುಂಬದ ಸದಸ್ಯನಾದದ್ದು ಅಲ್ಲಿಂದ. ಕೆಲವು ಲ್ಯಾಪ್‌ಟಾಪ್ ತಯಾರಕರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ತಾವು ಒಪ್ಪಿದ ಕಾರ್ಡುಗಳ ಪಟ್ಟಿಯನ್ನು ಬಯೋಸಿನಲ್ಲೇ ಬರೆದಿಟ್ಟರು. ಪಟ್ಟಿಯಲ್ಲಿ ಇಲ್ಲದ ಕಾರ್ಡ್ ಹಾಕಿದರೆ ಅನಧಿಕೃತ ಕಾರ್ಡ್ ಇದೆ ಅಂತ ಪರದೆ ಮೇಲೆ ಬರೆದು ಯಂತ್ರ ಅಲ್ಲೇ ನಿಂತುಬಿಡುತ್ತಿತ್ತು. ರೇಡಿಯೊ ಕಾರ್ಡು ಮತ್ತು ಆಂಟೆನಾ ಎರಡನ್ನೂ ಸೇರಿಸಿ ಸರ್ಕಾರದ ಒಪ್ಪಿಗೆ ಪಡೆದಿರುತ್ತೇವೆ ಎಂಬುದು ಅವರ ಸಮಜಾಯಿಷಿ. ಅದರಲ್ಲಿ ಅರ್ಧ ಸತ್ಯವಿದೆ. ಉಳಿದರ್ಧ ವ್ಯಾಪಾರ ಎಂದು ನಮ್ಮ ಲೆಕ್ಕ.

ಸ್ಲಾಟುಗಳೂ ಬದಲಾದವು. ಲ್ಯಾಪ್‌ಟಾಪಿನಲ್ಲಿ ಮಿನಿ ಪಿಸಿಐ ಹೋಗಿ ಮಿನಿ ಪಿಸಿಐ ಎಕ್ಸ್‌ಪ್ರೆಸ್ ಬಂತು, ಆಮೇಲೆ 2013ರ ಹೊತ್ತಿಗೆ ಎಂ.2 ಎಂಬ ಪುಟ್ಟ ಸ್ಲಾಟ್. ಅದೇ ಈಗ ಮೇಜಿನ ಕಂಪ್ಯೂಟರಿನಲ್ಲೂ ಇದೆ. ಎಂ.2 ಸ್ಲಾಟಿನಲ್ಲಿ ಹಲ್ಲು ಬಿಟ್ಟ ಜಾಗ ಎಲ್ಲಿದೆ ಎನ್ನುವುದರ ಮೇಲೆ ಅದಕ್ಕೆ ಒಂದು ಅಕ್ಷರ. ವೈಫೈಗೆ ಇ, ಸ್ಟೋರೇಜಿಗೆ ಎಂ. ತಪ್ಪು ಕಾರ್ಡು ಕೂರದೇ ಇರಲಿ ಅಂತಲೇ ಈ ಹಲ್ಲುಗಳ ಏರ್ಪಾಟು. ಒಳ್ಳೆಯ ಏರ್ಪಾಟೇ. ಅಲ್ಲಿಯವರೆಗೆ ಕೂತರೆ ಸಾಕು, ನಡೆಯುತ್ತದೆ ಅನ್ನಬಹುದಿತ್ತು.

ಆ ನಂಬಿಕೆ ಮುರಿದದ್ದು ಸಿಎನ್‌ವಿಐ ಎಂಬ ಬದಲಾವಣೆಯಿಂದ. 2017ರ ಕೊನೆ, 2018ರ ಹೊತ್ತಿಗೆ ಇಂಟೆಲ್ ವೈಫೈ ಕಾರ್ಡನ್ನು ಎರಡು ಹೋಳು ಮಾಡಿತು. ಯಾವಾಗ ಮಾತಾಡಬೇಕು, ಯಾವಾಗ ಸುಮ್ಮನಿರಬೇಕು, ಬಂದ ಮಾಹಿತಿಯನ್ನು ಹೇಗೆ ಜೋಡಿಸಬೇಕು ಎಂಬ ತಲೆಯ ಕೆಲಸವನ್ನು ತನ್ನ ಚಿಪ್‌ಸೆಟ್ಟಿನೊಳಗೆ, ಕೆಲವು ಕಡೆ ಪ್ರೊಸೆಸರಿನೊಳಗೇ ಸೇರಿಸಿತು. ಕಾರ್ಡಿನಲ್ಲಿ ಉಳಿದದ್ದು ರೇಡಿಯೊ ಭಾಗ, ಅಂದರೆ ಬಾಯಿ ಮತ್ತು ಕಿವಿ ಮಾತ್ರ. ಅದಕ್ಕೇ ಬೆಲೆ ಕಡಿಮೆ. ನಮ್ಮ ಎಎಕ್ಸ್ 201 ಇಂಥ ತಲೆ ಇಲ್ಲದ ಕಾರ್ಡು. ತಲೆ ಒದಗಿಸುವ ಇಂಟೆಲ್ ಬೋರ್ಡಿನಲ್ಲಿ ಅದು ಚೆನ್ನಾಗಿ ಓಡುತ್ತದೆ. ಎಎಂಡಿ ಬೋರ್ಡಿನಲ್ಲಿ ಅದರ ಮಾತು ಕೇಳುವವರೇ ಇಲ್ಲ. ಎಎಕ್ಸ್ 200 ಆದರೆ ಪೂರ್ತಿ ಕಾರ್ಡು, ತಲೆಯೂ ಅದರಲ್ಲೇ ಇದೆ, ಪಿಸಿಐ ಎಕ್ಸ್‌ಪ್ರೆಸ್ ಎಂಬ ಎಲ್ಲರಿಗೂ ಗೊತ್ತಿರುವ ಭಾಷೆಯಲ್ಲಿ ಬೋರ್ಡಿನ ಜೊತೆ ಮಾತಾಡುತ್ತದೆ. ಅದರ ನಂತರ ಬಂದ ಜೋಡಿಯಲ್ಲೂ ಹೀಗೇ: ಎಎಕ್ಸ್ 210 ಪೂರ್ತಿ, ಎಎಕ್ಸ್ 211 ಅರ್ಧ.

ಇಂಟೆಲ್ ಇದನ್ನೇನೂ ಮುಚ್ಚಿಟ್ಟಿಲ್ಲ, ಅವರ ದಾಖಲೆಯಲ್ಲಿ ಸ್ಪಷ್ಟವಾಗಿ ಬರೆದಿದೆ. ನಮ್ಮ ತಕರಾರು ಬೇರೆ. ಹೊಸ ಭಾಷೆಗೆ ಹೊಸ ಹಲ್ಲಿನ ಸ್ಲಾಟ್ ಮಾಡಿದ್ದರೆ ಕಾರ್ಡು ಕೂರುತ್ತಲೇ ಇರಲಿಲ್ಲ, ನಮ್ಮ ದುಡ್ಡು ಉಳಿಯುತ್ತಿತ್ತು. ಅದೇ ಇ ಸ್ಲಾಟನ್ನು ಎರಡು ಭಾಷೆಗೆ ಬಳಸಿದ್ದರಿಂದ ಕಣ್ಣಿಗೆ ಕಾಣುವ ಗುರುತು ಹೋಯಿತು. ದೊಡ್ಡ ಕಂಪನಿಗಳು ಸಾವಿರಗಟ್ಟಲೆ ಲ್ಯಾಪ್‌ಟಾಪ್ ಮಾಡುವಾಗ ಈ ತೊಂದರೆ ಬರುವುದೇ ಇಲ್ಲ, ಅವರ ಎಂಜಿನಿಯರಿಗೆ ಗೊತ್ತಿರುತ್ತದೆ. ತೊಂದರೆ ಬರುವುದು ಒಂದೊಂದೇ ಭಾಗ ಕೊಂಡು ಜೋಡಿಸುವವರಿಗೆ, ಹಳೆಯದನ್ನು ರಿಪೇರಿ ಮಾಡಿ ಬಳಸುವವರಿಗೆ. ಅಂದರೆ ಬಹುಪಾಲು ನಮ್ಮಂಥವರಿಗೆ.

ನಮ್ಮ ಕಡೆಯ ಹಳ್ಳಿಗಳಿಗೆ ಬಂದದ್ದು

ಭಾರತದಲ್ಲಿ 1933ರ ವೈರ್‌ಲೆಸ್ ಕಾನೂನಿನ ಪ್ರಕಾರ ರೇಡಿಯೊ ಉಪಕರಣ ಇಟ್ಟುಕೊಳ್ಳಲಿಕ್ಕೇ ಲೈಸೆನ್ಸ್ ಬೇಕಿತ್ತು. 2.4 ಗಿಗಾಹರ್ಟ್ಸನ್ನು ಒಳಗೂ ಹೊರಗೂ ಲೈಸೆನ್ಸ್ ಇಲ್ಲದೆ ಬಳಸಬಹುದು ಎಂದು ಕೇಂದ್ರ ಸರ್ಕಾರ ನಿಯಮ ತಂದದ್ದು 2005ರ ಜನವರಿಯಲ್ಲಿ. ಅಮೆರಿಕ ಬಿಟ್ಟುಕೊಟ್ಟ ಇಪ್ಪತ್ತು ವರ್ಷಕ್ಕೆ. ಅದಕ್ಕೂ ಸ್ವಲ್ಪ ಮೊದಲೇ ಐಐಟಿ ಕಾನ್ಪುರದವರು ಸುತ್ತಲಿನ ಹಳ್ಳಿಗಳಿಗೆ ವೈಫೈಯಲ್ಲಿ ದೂರದ ಕೊಂಡಿ ಹಾಕುವ ಪ್ರಯೋಗ ಶುರು ಮಾಡಿದ್ದರು. ಆಮೇಲೆ ತಮಿಳುನಾಡಿನ ತೇನಿಯಲ್ಲಿ ಅರವಿಂದ ಕಣ್ಣಾಸ್ಪತ್ರೆ ಮತ್ತು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದವರು ಸೇರಿ ಹಳ್ಳಿಗಳ ದೃಷ್ಟಿ ಕೇಂದ್ರಗಳನ್ನು ಆಸ್ಪತ್ರೆಗೆ ಜೋಡಿಸಿದರು. ಅಜ್ಜಿ ಹಳ್ಳಿಯಲ್ಲೇ ಕೂತು ವಿಡಿಯೊದಲ್ಲಿ ಕಣ್ಣಿನ ಡಾಕ್ಟರ ಜೊತೆ ಮಾತಾಡುವ ಏರ್ಪಾಟು.

ನಮಗೆ ಇದು ಮುಖ್ಯವಾಗಿ ಕಂಡದ್ದು ಒಂದು ಕಾರಣಕ್ಕೆ. ಅಲ್ಲೂ ಕೆಲಸ ನಿಂತದ್ದು ಯಾವ ಕಾರ್ಡ್ ಎಂಬ ಪ್ರಶ್ನೆಯ ಮೇಲೆ. ಮಾಮೂಲಿ ವೈಫೈ ಕಾರ್ಡು ಒಂದು ತುಂಡು ಮಾಹಿತಿ ಕಳಿಸಿ, ಮುಟ್ಟಿತು ಎಂಬ ಉತ್ತರಕ್ಕೆ ಕಣ್ಣು ಮಿಟುಕಿಸುವುದಕ್ಕಿಂತ ಎಷ್ಟೋ ಕಡಿಮೆ ಹೊತ್ತು ಕಾಯುತ್ತದೆ. ಮನೆಯೊಳಗೆ ಅಷ್ಟು ಸಾಕು. ಹತ್ತಾರು ಕಿಲೋಮೀಟರ್ ದೂರ ಹೋಗಿ ಬರಲು ಬೆಳಕಿನ ವೇಗಕ್ಕೂ ಸಮಯ ಬೇಕು, ಉತ್ತರ ಬರುವಷ್ಟರಲ್ಲಿ ಕಾರ್ಡು ತಾಳ್ಮೆಗೆಟ್ಟು ಮತ್ತೆ ಕಳಿಸುತ್ತದೆ. ಕಾಯುವ ಹೊತ್ತನ್ನು ತಂತ್ರಾಂಶದಿಂದ ತಿದ್ದಲು ಬಿಡುವ ಚಿಪ್ ಬೇಕಿತ್ತು. ಅಥೆರೋಸ್ ಚಿಪ್ಪಿನ ಮಿನಿ ಪಿಸಿಐ ಕಾರ್ಡುಗಳು ಬಿಡುತ್ತಿದ್ದವು, ಅದಕ್ಕೇ ಅವನ್ನು ಆರಿಸಿ ಪುಟ್ಟ ಕಂಪ್ಯೂಟರ್ ಬೋರ್ಡುಗಳಿಗೆ ಹಾಕಿ ಗೋಪುರದ ಮೇಲೆ ಕಟ್ಟಿದರು. ಅಂಗಡಿಯಲ್ಲಿ ಸಿಗುವ ಅಗ್ಗದ ಕಾರ್ಡು, ಬಾಗಿಲು ತೆರೆದಿದ್ದ ಚಿಪ್. ಇದೇ ದಾರಿ ಹಿಡಿದು 2007ರಲ್ಲಿ ವೆನೆಜುವೆಲದಲ್ಲಿ ಎರ್ಮಾನೊ ಪಿಯೆತ್ರೊಸೆಮೊಲಿ ಮತ್ತು ಜೊತೆಗಾರರು ಎರಡು ಬೆಟ್ಟಗಳ ನಡುವೆ 382 ಕಿಲೋಮೀಟರ್ ವೈಫೈ ಕೊಂಡಿ ಹಾಕಿದರು. ಬೆಂಗಳೂರಿಂದ ಹುಬ್ಬಳ್ಳಿಗಿಂತ ಸ್ವಲ್ಪವೇ ಕಡಿಮೆ.

ನಮ್ಮಲ್ಲಿ 5 ಗಿಗಾಹರ್ಟ್ಸನ್ನು ಹೊರಗೂ ಲೈಸೆನ್ಸ್ ಇಲ್ಲದೆ ಬಳಸಲು ಬಿಟ್ಟದ್ದು 2018ರಲ್ಲಿ. 6 ಗಿಗಾಹರ್ಟ್ಸಿನ ಕೆಳಪಟ್ಟಿಗೆ ಕರಡು ನಿಯಮ ಹೊರಟದ್ದು 2025ರ ಮೇ ತಿಂಗಳಲ್ಲಿ. ಕಾರ್ಡ್ ಕೊಳ್ಳುವಾಗ ಇದೂ ಲೆಕ್ಕಕ್ಕೆ ಬರುತ್ತದೆ. 6ಇ, 7 ಎಂಬ ದೊಡ್ಡ ಅಂಕಿಗೆ ಹೆಚ್ಚು ದುಡ್ಡು ಕೊಡುವ ಮೊದಲು ನಿಮ್ಮ ರೌಟರ್ ಅದನ್ನು ಮಾತಾಡುತ್ತದೆಯೇ ನೋಡಿ. ನಮ್ಮ ಪಂಚಾಯಿತಿಯ ರೌಟರ್ 2.4 ಮತ್ತು 5 ಎರಡನ್ನೇ ಬಲ್ಲದು. ಗೋಡೆ ದಾಟಿ, ಅಂಗಳ ದಾಟಿ ಬರುವುದರಲ್ಲಿ 2.4ರ ಕೈಯೇ ಮೇಲು, ವೇಗ ಕಡಿಮೆಯಾದರೂ.

ಎರಡನೇ ಕಾರ್ಡು

ಎಸ್.ಪಿ. ರೋಡಿನ ಅಣ್ಣನ ಹತ್ತಿರ ಎಎಕ್ಸ್ 200 ಇರಲಿಲ್ಲ, 210 ಇತ್ತು. ರಾತ್ರಿ ಬಸ್ಸಿನಲ್ಲಿ ಕಳಿಸಿದರು. ಈ ಸಲ ನಾವು ಮೊದಲು ಮದರ್‌ಬೋರ್ಡಿನ ಪುಸ್ತಕ ತೆಗೆದು ಓದಿದೆವು. ಅದನ್ನು ಮೊದಲೇ ಮಾಡಬೇಕಿತ್ತು, ಬೈಯುವವರು ಬೈಯಬಹುದು. ಇ ಸ್ಲಾಟಿಗೆ ಪಿಸಿಐ ಎಕ್ಸ್‌ಪ್ರೆಸ್ ಮತ್ತು ಯುಎಸ್‌ಬಿ ಎರಡೂ ಇದೆ ಅಂತ ಅದರಲ್ಲಿ ಬರೆದಿತ್ತು. ಪಿಸಿಐ ಎಕ್ಸ್‌ಪ್ರೆಸ್ ವೈಫೈಗೆ, ಯುಎಸ್‌ಬಿ ಅದೇ ಕಾರ್ಡಿನ ಬ್ಲೂಟೂತ್‌ಗೆ. ಕೆಲವು ಇಂಟೆಲ್ ಬೋರ್ಡುಗಳ ಇ ಸ್ಲಾಟಿನಲ್ಲಿ ಸಿಎನ್‌ವಿಐ ಮಾತ್ರ ಇರುತ್ತದೆ. ಅಂಥದ್ದಕ್ಕೆ ಪೂರ್ತಿ ಕಾರ್ಡ್ ಹಾಕಿದರೂ ನಮ್ಮದೇ ಗತಿ, ತಿರುಗುಮುರುಗಾಗಿ. ಕೊನೆಯ ಸೊನ್ನೆಯ ಸೂತ್ರವೂ ಎಲ್ಲ ಕಡೆ ನಡೆಯುವುದಿಲ್ಲ. ಹಳೆಯ ಜೋಡಿಯಲ್ಲಿ 9260 ಪೂರ್ತಿ, 9560 ಅರ್ಧ, ಎರಡಕ್ಕೂ ಕೊನೆಗೆ ಸೊನ್ನೆಯೇ. ವೈಫೈ 7ರ ಬಿಇ 200 ಪಿಸಿಐ ಎಕ್ಸ್‌ಪ್ರೆಸ್ ಕಾರ್ಡೇ ಆದರೂ ಎಷ್ಟೋ ಎಎಂಡಿ ಬೋರ್ಡುಗಳಲ್ಲಿ ಓಡದೆ ಜನ ವಾಪಸ್ ಕೊಟ್ಟಿದ್ದಾರೆ. ಎಂ.2 ಸ್ಲಾಟೇ ಇಲ್ಲದ ಹಳೆಯ ಬೋರ್ಡ್ ಇದ್ದರೆ ಪಿಸಿಐ ಎಕ್ಸ್‌ಪ್ರೆಸ್‌ನ ಚಿಕ್ಕ ಸ್ಲಾಟಿನಲ್ಲಿ ಕೂರುವ ಕಾರ್ಡ್ ತನ್ನಿ. ಅದು ಉದ್ದದ ಸ್ಲಾಟಿನಲ್ಲೂ ಕೂರುತ್ತದೆ, ನಡೆಯುತ್ತದೆ. ಬ್ಲೂಟೂತ್ ಬೇಕಾದರೆ ಕಾರ್ಡಿನಿಂದ ಬೋರ್ಡಿನ ಯುಎಸ್‌ಬಿ ಪಿನ್ನುಗಳಿಗೆ ಒಂದು ಸಣ್ಣ ಕೇಬಲ್ ಹಾಕಬೇಕು. ಅದನ್ನು ಮರೆತು ಬ್ಲೂಟೂತ್ ಕೆಟ್ಟಿದೆ ಅನ್ನುವವರು ಬಹಳ.

ಕರೆಂಟ್ ತೆಗೆದು, ಪ್ಲಗ್ ಕಿತ್ತು, ಕ್ಯಾಬಿನೆಟ್ಟಿನ ಬರಿ ಲೋಹ ಮುಟ್ಟಿ ಮೈಯ ಸ್ಥಿರವಿದ್ಯುತ್ ಇಳಿಸಿಕೊಂಡು ಹಳೆಯ ಕಾರ್ಡ್ ತೆಗೆದೆವು. ಆಂಟೆನಾ ತಂತಿಯ ತುದಿ ಸಾಸಿವೆಯಷ್ಟು. ನೇರ ಮೇಲಕ್ಕೆ ಎಬ್ಬಿಸಬೇಕು, ಓರೆ ಎಳೆದರೆ ಮುರಿಯುತ್ತದೆ. ಹಾಕುವಾಗ ತುದಿಯನ್ನು ಗುಂಡಿಯ ಮೇಲೆ ಸರಿಯಾಗಿ ಇಟ್ಟು ಉಗುರಿನಿಂದ ಒತ್ತಿದರೆ ಟಿಕ್ ಅನ್ನುತ್ತದೆ. ಟಿಕ್ ಅನ್ನದಿದ್ದರೆ ಬಲ ಹಾಕಬೇಡಿ. ಹಳೆಯ ಮಿನಿ ಕಾರ್ಡಿನ ತಂತಿಯ ತುದಿ ಸ್ವಲ್ಪ ದೊಡ್ಡದು, ಎಂ.2 ಕಾರ್ಡಿಗೆ ಅದು ಆಗುವುದೇ ಇಲ್ಲ. ಆಂಟೆನಾ ಕೋಲುಗಳನ್ನು ಕ್ಯಾಬಿನೆಟ್ಟಿನ ಹಿಂದೆ ಹೊರಗೆ ತಂದು ಬಿಗಿದೆವು. ತಗಡಿನ ಡಬ್ಬಿಯೊಳಗೆ ಬಿಟ್ಟರೆ ಸಿಗ್ನಲ್ ಒಳಗೇ ಸುತ್ತುತ್ತದೆ.

ಯಂತ್ರ ಹಚ್ಚಿ ಮೊದಲು ನೋಡಿದ್ದು ವೈಫೈ ಚಿಹ್ನೆಯನ್ನಲ್ಲ. ನಮ್ಮ ಕಂಪ್ಯೂಟರಿನಲ್ಲಿರುವುದು ಲಿನಕ್ಸ್, ಅದರಲ್ಲಿ ಎಲ್ಎಸ್‌ಪಿಸಿಐ ಎಂದು ಬರೆದರೆ ಬೋರ್ಡಿಗೆ ಕಂಡ ಸಾಧನಗಳ ಪಟ್ಟಿ ಬರುತ್ತದೆ. ವಿಂಡೋಸಿನಲ್ಲಿ ಡಿವೈಸ್ ಮ್ಯಾನೇಜರ್ ಇದೆ. ಪಟ್ಟಿಯಲ್ಲಿ ಕಾರ್ಡು ಕಂಡು ವೈಫೈ ಬರದಿದ್ದರೆ ಡ್ರೈವರ್ ಹುಡುಕಬೇಕು, 210ಕ್ಕೆ ಲಿನಕ್ಸ್ ಕರ್ನಲ್ 5.10 ಅಥವಾ ಅದರ ಮೇಲಿನದು ಬೇಕು. ಪಟ್ಟಿಯಲ್ಲೇ ಇಲ್ಲ ಅಂದರೆ ಕಾರ್ಡು ಸರಿಯಾಗಿ ಕೂತಿಲ್ಲ, ಕೆಟ್ಟಿದೆ, ಇಲ್ಲವೇ ಬೋರ್ಡಿನ ಭಾಷೆಯದ್ದಲ್ಲ. ಡ್ರೈವರ್ ಹಿಂದೆ ಬಿದ್ದು ಪ್ರಯೋಜನವಿಲ್ಲ. ಇಷ್ಟು ಗೊತ್ತಿದ್ದರೆ ಮೊದಲ ದಿನದ ನಮ್ಮ ಎಂಟು ಗಂಟೆ ಉಳಿಯುತ್ತಿತ್ತು.

ಈ ಸಲ ಪಟ್ಟಿಯಲ್ಲಿ ಹೆಸರಿತ್ತು. ಸಂಜೆ ಆರರ ಹೊತ್ತಿಗೆ ಶುರು ಮಾಡಿ ರಾತ್ರಿ ಹತ್ತೂವರೆಗೆ ಏಳೂ ಅರ್ಜಿ ಹಾಕಿ ಮುಗಿಸಿದೆವು. ಕೊನೆಯ ಹುಡುಗಿಯ ಆದಾಯ ಪ್ರಮಾಣಪತ್ರದ ಫೈಲು ದೊಡ್ಡದಾಗಿ ಎರಡು ಸಲ ತಿರಸ್ಕಾರವಾಯಿತು, ಅದಕ್ಕೆ ವೈಫೈ ಕಾರಣವಲ್ಲ.

ಎಎಕ್ಸ್ 201 ಈಗ ಒಂದು ಬೆಂಕಿಪೊಟ್ಟಣದೊಳಗೆ ಹತ್ತಿಯ ಮೇಲೆ ಮಲಗಿದೆ. ಪಕ್ಕದೂರಿನ ಮೇಷ್ಟ್ರ ಲ್ಯಾಪ್‌ಟಾಪಿನ ವೈಫೈ ಸತ್ತಿದೆಯಂತೆ. ಹತ್ತನೇ ತಲೆಮಾರಿನ ಇಂಟೆಲ್ ಪ್ರೊಸೆಸರ್, ಒಳಗಿರುವುದು 201ನೇ ಅಂತ ಅವರು ಅಡಿಭಾಗದ ಚೀಟಿ ಓದಿ ಹೇಳಿದ್ದಾರೆ. ಭಾನುವಾರ ಬಿಚ್ಚಿ ನೋಡಬೇಕು.